ಕಸ್ತೂರಿ ಚಿಟ್ಟೆ ಮತ್ತು ಕೇರಿಯ ಸುತ್ತೋಲೆ

ಜೂನ್ ಒಂದನೇ ತಾರೀಖು, ಬೆಳಗಿನ ಊಟದ ಹೊತ್ತಿಗೆ, ನಾನೊಂದು ಘೋಷಣೆ ಮಾಡಿದೆ. ಈ ಬೇಸಿಗೆ ಮುಗಿಯುವ ತನಕ ನಮ್ಮ ಗೇಟಿನಿಂದ ನೂರು ಹೆಜ್ಜೆ ಆಚೆಗೆ ಕಾಲಿಡುವುದಿಲ್ಲ. ಆ ನೂರು ಹೆಜ್ಜೆಯೊಳಗೆ ಅರಳುವ ಕಾಡುಹೂಗಳನ್ನೂ ಹರಿದಾಡುವ ಹುಳುಗಳನ್ನೂ ಹೇಗೆ ಫೋಟೊ ತೆಗೆಯುತ್ತೇನೆಂದರೆ, ಆಫ್ರಿಕಾಕ್ಕೆ ಹೋಗಿ ಸಿಂಹದ ಆಕಳಿಕೆ ತೆಗೆದು ತರುವವರೆಲ್ಲ ಕ್ಯಾಮೆರಾ ಮಾರಿ ಮೂಲಂಗಿ ವ್ಯಾಪಾರಕ್ಕೆ ಕೂರಬೇಕು!

ನನ್ನ ಹೆಂಡತಿ ಮಿತ್ಸುಯೊ ಮಿಸೊ ಸಾರಿನ ಬಟ್ಟಲಿನಿಂದ ತಲೆ ಎತ್ತಲಿಲ್ಲ.

"ಕಸ ಇಡೋ ಜಾಗ ನೂರಿಪ್ಪತ್ತು ಹೆಜ್ಜೆ," ಎಂದಳು. "ಅಳೆದು ನೋಡಿಯೇ ವ್ರತ ಹಿಡಿದ್ರಾ?"

ಅಳೆದಿರಲಿಲ್ಲ. ಆದರೂ ಒಂದು ಮಹಾಸಂಕಲ್ಪವನ್ನು ಕಸದ ಚೀಲದಿಂದ ಅಳೆಯುವ ಈ ಬುದ್ಧಿ ನನಗೆ ಸರಿಬರಲಿಲ್ಲ. ಹಾಗೆಂದೇ ಹೇಳಿದೆ.

ನನ್ನ ಸಂಕಲ್ಪಕ್ಕೆ ಹಿನ್ನೆಲೆಯಿದೆ. ಮೂವತ್ತೊಂದು ವರ್ಷ ನಾನು ಗಿಫು ಸೀಮೆಯ ಒಂದು ದಿನಪತ್ರಿಕೆಯಲ್ಲಿ ವಿಶೇಷ ಲೇಖನಗಳನ್ನು ಬರೆದವನು. ಸೇತುವೆಯ ಉದ್ಘಾಟನೆಯಿಂದ ಹಿಡಿದು ಕರಡಿಯ ಕಾಟದವರೆಗೆ ಬರೆದೆ. ಎರಡು ಸಾವಿರ ಅಕ್ಷರಗಳನ್ನು ಅಳೆದು ತೂಗಿ ಬರೆಯುತ್ತಿದ್ದವನು ನಾನು. ಜನ ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳುತ್ತಿದ್ದದ್ದು ಮಾತ್ರ ಪಕ್ಕದಲ್ಲಿದ್ದ ಫೋಟೊ! ಒಬ್ಬ ಹೆಂಗಸಂತೂ ಫೋಟೊ ಸುತ್ತ ಎಷ್ಟು ಅಚ್ಚುಕಟ್ಟಾಗಿ ಕತ್ತರಿ ಆಡಿಸಿದ್ದಳೆಂದರೆ ನನ್ನ ಹೆಸರಿನ ಒಂದಕ್ಷರವೂ ಉಳಿದಿರಲಿಲ್ಲ. ಆ ಅನ್ಯಾಯವನ್ನು ನಿವೃತ್ತನಾದ ಮೇಲಾದರೂ ಸರಿಪಡಿಸಬೇಕಿತ್ತು. ನಮ್ಮೂರಿನ ಸಂಸ್ಕೃತಿ ಭವನದವರು 'ಮನೆಯ ಸುತ್ತಿನ ಬೇಸಿಗೆ' ಎಂಬ ಫೋಟೊ ಸ್ಪರ್ಧೆ ಕರೆದಿದ್ದರು. ಒಂದು ಫೋಟೊವನ್ನಾದರೂ ಕೊಡಬಹುದು, ಐದರ ಸರಣಿಯನ್ನಾದರೂ ಕೊಡಬಹುದು. ಕೊನೆಯ ದಿನ ಜುಲೈ ಎರಡನೇ ಸೋಮವಾರ, ಸಂಜೆ ಐದು ಗಂಟೆ.

"ಸರಿ," ಎಂದಳು ಮಿತ್ಸುಯೊ. "ಬಹುಮಾನ ಬಂದ್ರೆ ಇನ್ನು ಜೀವಮಾನಪೂರ್ತಿ ಕಸ ನಾನೇ ಇಟ್ಟು ಬರ್ತೀನಿ. ಬರ್ಲಿಲ್ಲ ಅಂದ್ರೆ ನೀವು."

"ಜೀವಮಾನಪೂರ್ತಿ?"

"ಯಾಕ್ರೀ, ಭಯಾನಾ?"

ಪಂಥ ಕಟ್ಟಿದೆವು.

ನಮ್ಮ ಮನೆಯ ಹಿಂದೆ ಗದ್ದೆಗಳಿಗೆ ನೀರು ಹಾಯಿಸುವ ಒಂದು ಕಾಲುವೆಯಿದೆ. ಅದರ ದಂಡೆ ಗೇಟಿನಿಂದ ನಲವತ್ತೆರಡು ಹೆಜ್ಜೆ. ಅಳೆದಿದ್ದೇನೆ. ಕೇರಿಯವರಿಗೆ ಅದು ಬರೀ ಕಳೆ. ನನಗೆ ಅದು ಸಾಮ್ರಾಜ್ಯ. ಸ್ಕ್ರೂ ಮೊಳೆಯಂತೆ ಸುತ್ತುತ್ತ ಮೇಲೇರುವ ಬೆರಳುದ್ದದ ಗುಲಾಬಿ ಬಣ್ಣದ ತಿರುಪು ಹೂ ಅಲ್ಲಿತ್ತು. ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಕರಗುವ ನೀಲಿ ಇಬ್ಬನಿ ಹೂವಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಒಂದು ಮೂಲೆಯಲ್ಲಿ ನಾವು ಕುದುರೆಗಂಟೆ ಎಂದು ಕರೆಯುವ ಬಳ್ಳಿ ಹಬ್ಬಿತ್ತು. ಕಸ್ತೂರಿ ಚಿಟ್ಟೆ ಮೊಟ್ಟೆಯಿಡುವುದು ಈ ಬಳ್ಳಿಯ ಮೇಲೆ ಮಾತ್ರ. ಬಳ್ಳಿ ಹೋದರೆ ಚಿಟ್ಟೆಯೂ ಹೋಯಿತು. ನನ್ನ ಐದು ಫೋಟೊಗಳು ಅಲ್ಲೇ ಸಾಲಾಗಿ ಕೂತಿದ್ದವು: ಮೊಟ್ಟೆ, ಹುಳು, ಗೂಡು ಕಟ್ಟಲು ಕೂತ ಹುಳು, ಗೂಡು, ಗೂಡಿನಿಂದ ಹೊರಬರುವ ಚಿಟ್ಟೆ.

ಅಂಗುಲದಷ್ಟು ಪ್ರಾಣಿಯ ಫೋಟೊ ತೆಗೆಯಬೇಕಾದರೆ ಅದರ ಎತ್ತರಕ್ಕೆ ಇಳಿಯಬೇಕು. ನಾನು ಮಿತ್ಸುಯೊಳ ಅಡುಗೆ ಏಪ್ರನ್ ಕಟ್ಟಿಕೊಂಡು (ಅದಕ್ಕೆ ನಾಲ್ಕು ಜೇಬುಗಳಿವೆ, ಲೆನ್ಸು ಬ್ಯಾಟರಿ ಎಲ್ಲ ಹಿಡಿಯುತ್ತವೆ) ದಂಡೆಯ ಮೇಲೆ ಬೋರಲು ಮಲಗುತ್ತಿದ್ದೆ. ಗಂಟೆಗಟ್ಟಲೆ ಅಲ್ಲಾಡುತ್ತಿರಲಿಲ್ಲ. ಪಕ್ಕದ ಮನೆಯ ತೊಮೆ ಅಜ್ಜಿ ದಿನಾ ಬೆಳಿಗ್ಗೆ ಬೇಲಿಯ ಮೇಲಿಂದ ಇಣುಕಿ ನೋಡುತ್ತಿದ್ದರು. ಅಜ್ಜಿಗೆ ಎಂಬತ್ತೆಂಟು ವಯಸ್ಸು.

"ಕುರಾಹಾಶಿಯವರೇ, ಬದುಕಿದ್ದೀರಾ?"

"ಬದುಕಿದ್ದೀನಿ ಅಜ್ಜಿ."

"ಹಾಗಾದ್ರೆ ಸರಿ," ಎಂದು ಸೌತೆಕಾಯಿ ಕೀಳಲು ಹೋಗುತ್ತಿದ್ದರು. ಬದುಕಿಲ್ಲದಿದ್ದರೂ ಅವರು ಮೊದಲು ಸೌತೆಕಾಯಿ ಕಿತ್ತ ಮೇಲೆಯೇ ಆಂಬುಲೆನ್ಸಿಗೆ ಫೋನ್ ಮಾಡುತ್ತಿದ್ದರು ಎಂದು ನನ್ನ ಗುಮಾನಿ.

ಇನ್ನು ಗಾಳಿ. ಗಾಳಿಯ ದುರ್ನಡತೆಯ ಬಗ್ಗೆ ಇಷ್ಟು ವರ್ಷ ಯಾವ ಪತ್ರಿಕೆಯೂ ಬರೆದಿಲ್ಲ, ನಾನೂ ಬರೆದಿಲ್ಲ, ಅದಕ್ಕೆ ವಿಷಾದಿಸುತ್ತೇನೆ. ಇಡೀ ಗಿಫು ಸೀಮೆಯಲ್ಲಿ ಒಂದೆಲೆ ಅಲ್ಲಾಡದ ದಿನವೂ, ನಾನು ಉಸಿರು ಬಿಗಿಹಿಡಿದು ಗುಂಡಿ ಒತ್ತುವ ಕ್ಷಣಕ್ಕೆ ಸರಿಯಾಗಿ, ನನ್ನ ಹೂವೊಂದೇ ತಲೆಯಾಡಿಸುತ್ತಿತ್ತು. ಬೇಡ, ಬೇಡ, ಎನ್ನುವ ಹಾಗೆ! ಮಿತ್ಸುಯೊಳನ್ನು ಕರೆದು ಕೊಡೆ ಅಡ್ಡ ಹಿಡಿಯಲು ಹೇಳಿದೆ. ನಾಲ್ಕು ನಿಮಿಷ ಹಿಡಿದಳು.

"ಇನ್ನು ಸ್ವಲ್ಪ ಹೊತ್ತು."

"ಒಲೆ ಮೇಲೆ ಬೇಳೆ ಇದೆ. ಗಾಳಿಗೇ ಹೇಳಿ ನೋಡಿ. ನಿಮ್ಮ ಮಾತು ನಾನೊಬ್ಬಳೇ ಕೇಳ್ಬೇಕು ಅಂತ ಏನಿಲ್ವಲ್ಲ."

ಆ ಮಧ್ಯಾಹ್ನವೇ ನಮ್ಮ ಮನೆಗೆ ಕೇರಿಯ ಸುತ್ತೋಲೆ ಬಂತು.

ಸುತ್ತೋಲೆಯೆಂದರೆ ಒಂದು ರಟ್ಟಿನ ಹಲಗೆ. ಅದರ ಮೇಲೆ ಕೇರಿ ಸಂಘದ ಸೂಚನೆಯ ಬಿಳಿ ಹಾಳೆ, ಹಾಳೆಯ ಬಲಬದಿಗೆ ಹದಿನಾಲ್ಕು ಮನೆಗಳ ಹೆಸರು, ಪ್ರತಿ ಹೆಸರಿನ ಮುಂದೆ ಒಂದು ಖಾಲಿ ಚೌಕ. ಓದಬೇಕು, ಚೌಕದಲ್ಲಿ ಮನೆಯ ಮುದ್ರೆ ಒತ್ತಬೇಕು, ಪಕ್ಕದ ಮನೆಗೆ ಕೊಡಬೇಕು. ತಲೆಯಲ್ಲಿ ಕೆಂಪು ಅಕ್ಷರದಲ್ಲಿ 'ಕೂಡಲೇ ಮುಂದಿನ ಮನೆಗೆ' ಎಂದು ಬರೆದಿರುತ್ತದೆ. ಮೊದಲನೆಯದು ಸಂಘದ ಅಧ್ಯಕ್ಷ ಹಿರಾಮಾತ್ಸು ಅವರ ಮನೆ, ಎರಡನೆಯದು ಅಕ್ಕಿ ಅಂಗಡಿ, ಮೂರನೆಯದು ನಾವು, ನಾಲ್ಕನೆಯದು ತೊಮೆ ಅಜ್ಜಿ, ಹೀಗೆ ಹದಿನಾಲ್ಕರವರೆಗೆ.

ನಾನು ಮುದ್ರೆ ಒತ್ತಿದೆ. ಓದಲಿಲ್ಲ. ಅದರಲ್ಲಿ ಓದಲು ಇರುವುದಾದರೂ ಏನು? ಬಿಸಿಲಲ್ಲಿ ನೀರು ಕುಡಿಯಿರಿ, ಕಳೆದುಹೋದ ಬೆಕ್ಕಿಗೆ ಬಾಲ ಗಿಡ್ಡ, ಇಷ್ಟೇ. ಮೂವತ್ತೊಂದು ವರ್ಷ ನಾನು ಬರೆದದ್ದನ್ನು ಜನ ಓದದೆ ಮಡಿಸಿಟ್ಟಿದ್ದಾರೆ. ನಾನೂ ಒಂದನ್ನು ಓದದಿದ್ದರೆ ಲೋಕಕ್ಕೇನು ನಷ್ಟ?

ಒತ್ತಿ, ಅಜ್ಜಿಗೆ ಕೊಡಲು ಹಿತ್ತಿಲಿಗೆ ಬಂದವನು ನಡುದಾರಿಯಲ್ಲಿ ನಿಂತೆ. ಹಲಗೆ ಗಟ್ಟಿಯಿತ್ತು, ಅಗಲವಿತ್ತು. ಹಾಳೆ ಅಚ್ಚ ಬಿಳುಪು. ಬಳ್ಳಿಯ ಹಿಂದೆ ನಿಲ್ಲಿಸಿದರೆ ಗಾಳಿಯನ್ನೂ ತಡೆಯುತ್ತದೆ, ಹೂವಿನ ಮೇಲೆ ಹದವಾದ ಬೆಳಕನ್ನೂ ಎರಚುತ್ತದೆ! ಸಂಜೆ ಕೊಟ್ಟರಾಯಿತು ಎಂದುಕೊಂಡೆ. ಇಬ್ಬನಿ ತಾಗದಂತೆ ಪಾರದರ್ಶಕ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದೆ. ಎರಡು ಬಿದಿರು ಕಡ್ಡಿ ನೆಟ್ಟು, ಬಿಳಿ ಹಾಳೆ ಬಳ್ಳಿಯ ಕಡೆಗೆ ಬರುವಂತೆ ಬಿಗಿದೆ.

ಫಲಿತಾಂಶ ಕಂಡು ಕಣ್ಣಲ್ಲಿ ನೀರು ಬಂತು. ಹಿನ್ನೆಲೆ ಹಾಲಿನ ಕೆನೆಯಂತಿತ್ತು. ಕಂಪ್ಯೂಟರಿನ ಪರದೆಯ ಮೇಲೆ ಮಿತ್ಸುಯೊಗೂ ತೋರಿಸಿದೆ.

"ಹೂವಿನ ಹಿಂದೆ ಬೆಳ್ಳಗಿದೆಯಲ್ಲ, ಅದೇನ್ರೀ?"

"ಅದಕ್ಕೆ ಹಿನ್ನೆಲೆ ಅಂತಾರೆ."

"ಅದ್ರಲ್ಲಿ ಏನೋ ಕಪ್ಪಗೆ, ಇರುವೆ ಸಾಲಿನ ಥರ..."

"ಅದು ಮಸುಕು ಕಣೇ. ಬೇಕಾದ ಕೂದಲೆಳೆಯಷ್ಟನ್ನ ಸ್ಪಷ್ಟವಾಗಿ ಇಟ್ಕೊಂಡು ಬೇಡದ್ದನ್ನೆಲ್ಲ ಮಸುಕು ಮಾಡೋದೇ ದೊಡ್ಡ ಛಾಯಾಗ್ರಾಹಕನ ಲಕ್ಷಣ."

"ಹಾಗಿದ್ರೆ ನೀವು ಮೂವತ್ತು ವರ್ಷದಿಂದ ದೊಡ್ಡ ಛಾಯಾಗ್ರಾಹಕರೇ ಬಿಡಿ," ಎಂದು ಎದ್ದುಹೋದಳು.

ಸಂಜೆ ಬೆಳಕು ಇನ್ನೂ ಚೆನ್ನಾಗಿತ್ತು, ಕೊಡಲಿಲ್ಲ. ಮರುದಿನವೂ ಕೊಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ, ಇವತ್ತು ಕೊಟ್ಟೇಬಿಡೋಣ ಎಂದು ಹೋಗಿ ನೋಡಿದರೆ, ನನ್ನ ಹುಳು (ಕಪ್ಪು ಮೈ, ನಡುವಿಗೆ ಬಿಳಿ ಪಟ್ಟಿ, ರಾಜಗಾಂಭೀರ್ಯ) ಬಳ್ಳಿ ಬಿಟ್ಟು, ಬಿದಿರು ಕಡ್ಡಿ ಏರಿ, ಹಲಗೆಯ ಕೆಳಮೂಲೆಯಲ್ಲಿ ಚೀಲಕ್ಕೆ ತನ್ನನ್ನು ತಾನೇ ನೂಲಿನಿಂದ ಕಟ್ಟಿಕೊಂಡು ಕೂತಿದೆ! ಇಡೀ ದಂಡೆಯಲ್ಲಿ ಅದಕ್ಕೆ ಬೇರೆ ಜಾಗ ಸಿಗಲಿಲ್ಲ. ಎರಡು ದಿನಕ್ಕೆ ಅದು ಕಿತ್ತಳೆ ಬಣ್ಣದ, ಗಂಟುಗಂಟಾದ, ಅಪೂರ್ವ ಸುಂದರವಾದ ಗೂಡಾಯಿತು.

ಈಗ ಹಲಗೆ ಅಲ್ಲಾಡಿಸುವುದೆಂದರೆ ಏನು? ಕೊಲೆ. ಗಿಡ್ಡ ಬಾಲದ ಬೆಕ್ಕಿನ ಸುದ್ದಿ ಹತ್ತು ದಿನ ತಡವಾದರೆ ಯಾರೂ ಸಾಯುವುದಿಲ್ಲ. ಹೀಗೆ ನನಗೆ ನಾನೇ ತೀರ್ಪು ಕೊಟ್ಟುಕೊಂಡೆ, ಖುಲಾಸೆಯಾದೆ. ಖುಲಾಸೆಯಾದ ಅಪರಾಧವನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಒಂದು ವಾರ ಕಳೆಯುವಷ್ಟರಲ್ಲಿ ಅದು ನನ್ನ ಮನಸ್ಸಿನಲ್ಲಿ ಸುತ್ತೋಲೆಯಾಗಿ ಉಳಿದಿರಲೇ ಇಲ್ಲ. ಅದು 'ಬೆಳಕಿನ ಹಲಗೆ'. ಎಷ್ಟರಮಟ್ಟಿಗೆ ಎಂದರೆ, "ಈ ತಿಂಗಳು ಸುತ್ತೋಲೆ ಬಂದ ಹಾಗೇ ಇಲ್ವಲ್ರೀ?" ಎಂದು ಮಿತ್ಸುಯೊ ಕೇಳಿದಾಗ, "ಬರುತ್ತೆ ಬಿಡು, ಹಿರಾಮಾತ್ಸುಗೂ ವಯಸ್ಸಾಯ್ತು," ಎಂದು ನಿರ್ಮಲ ಮನಸ್ಸಿನಿಂದ ಉತ್ತರಿಸಿದೆ.

ನಾಲ್ಕು ಫೋಟೊ ಮುಗಿದವು. ಐದನೆಯದು ಉಳಿಯಿತು. ಜುಲೈ ಎರಡನೇ ಶನಿವಾರ ಸಂಜೆ ಗೂಡಿನ ಸಿಪ್ಪೆ ತೆಳುವಾಗಿ, ಒಳಗಿನ ಕಪ್ಪು ರೆಕ್ಕೆ ಕಾಣತೊಡಗಿತು. ಅಂದರೆ ಭಾನುವಾರ ಬೆಳಿಗ್ಗೆ ಚಿಟ್ಟೆ, ಸೋಮವಾರ ಸಂಸ್ಕೃತಿ ಭವನ, ಆಮೇಲೆ ಜೀವಮಾನಪೂರ್ತಿ ಮಿತ್ಸುಯೊಳ ಕೈಯಲ್ಲಿ ಕಸದ ಚೀಲ!

ಭಾನುವಾರ ಐದು ಗಂಟೆಗೇ ಏಪ್ರನ್ ಕಟ್ಟಿ, ಕ್ಯಾಮೆರಾವನ್ನು ಮೂರುಕಾಲಿನ ಸ್ಟ್ಯಾಂಡಿಗೆ ಏರಿಸಿ ಕಾದೆ. ಐದು ಐವತ್ತೆಂಟಕ್ಕೆ ಬ್ಯಾಟರಿ ಮುಗಿಯಿತು. ಇನ್ನೊಂದು ತರಲು ಒಳಗೆ ಹೋದೆ. ಅದನ್ನು ಏಪ್ರನ್ನಿನ ಜೇಬಿಗೆ ಇಳಿಸುತ್ತಿದ್ದೆ, ಅಷ್ಟರಲ್ಲಿ ದಂಡೆಯ ಕಡೆಯಿಂದ ಒಂದು ಸೀಟಿ ಕೇಳಿಸಿತು. ಸೀಟಿಯ ಹಿಂದೆಯೇ ಹುಲ್ಲು ಕತ್ತರಿಸುವ ಯಂತ್ರದ ಗರ್ಜನೆ.

ಓಡಿದೆ. ನೋಡಿದೆ. ದಂಡೆಯ ಆಚೆ ತುದಿಯಲ್ಲಿ ಅಧ್ಯಕ್ಷ ಹಿರಾಮಾತ್ಸು, ಕೊರಳಿಗೆ ಟವೆಲು, ಬಾಯಲ್ಲಿ ಸೀಟಿ, ಕೈಯಲ್ಲಿ ಯಂತ್ರ. ಅವರು ನಿವೃತ್ತ ಸ್ಟೇಷನ್ ಮಾಸ್ಟರ್. ಸೀಟಿಯಿಲ್ಲದೆ ಯಾವ ಕೆಲಸವನ್ನೂ ಶುರು ಮಾಡುವವರಲ್ಲ. ಹಿಂದೆ ಅಕ್ಕಿ ಅಂಗಡಿಯ ದಂಪತಿ ಕುಡುಗೋಲು ಹಿಡಿದಿದ್ದರು. ನಾಲ್ಕೈದು ಹೆಜ್ಜೆ ದಂಡೆ ಆಗಲೇ ಬೋಳಾಗಿತ್ತು. ನನ್ನ ತಿರುಪು ಹೂಗಳೆಲ್ಲ ನೆಲಕಚ್ಚಿದ್ದವು!

"ನಿಲ್ಲಿಸ್ರೀ!" ಎಂದು ಕೂಗಿದೆ.

ಯಂತ್ರ ನಿಂತಿತು. "ಬಂದ್ರಾ? ಪುಣ್ಯ," ಎಂದರು ಹಿರಾಮಾತ್ಸು. "ಕುಡುಗೋಲು ಎಲ್ಲಿ? ಇದೇನು, ಏಪ್ರನ್ ಹಾಕ್ಕೊಂಡು ಬಂದಿದ್ದೀರಿ?"

"ಏಪ್ರನ್ ವಿಷಯ ಆಮೇಲೆ. ಯಾರ ಅಪ್ಪಣೆ ತಗೊಂಡು ಕಡೀತಿದ್ದೀರಿ ಇದನ್ನ?"

"ಅಪ್ಪಣೆ? ಇವತ್ತು ಕೇರಿಯವರೆಲ್ಲ ಸೇರಿ ಕಳೆ ಕೀಳೋ ದಿನ. ಇಪ್ಪತ್ತೆರಡು ವರ್ಷದಿಂದ ನಡೀತಾ ಇದೆ."

"ಯಾವತ್ತು ಅಂತ ಯಾರಿಗೆ ಹೇಳಿದ್ರಿ?"

"ಸುತ್ತೋಲೆ ಕಳಿಸಿದ್ದೀನಲ್ಲ!"

"ನಮ್ಮ ಮನೆಗೆ ಬಂದಿಲ್ಲ!"

ನಾನು ಈಗ ಬರೆಯುತ್ತಿರುವುದು ಸತ್ಯ: ಆ ಮಾತನ್ನು ನಾನು ಪೂರ್ಣ ನಂಬಿಕೆಯಿಂದ ಹೇಳಿದೆ. ಸಿಟ್ಟಿಗೆ ತನ್ನದೇ ಆದ ನೆನಪಿರುತ್ತದೆ; ತನಗೆ ಬೇಕಾದ್ದನ್ನಷ್ಟೇ ಸ್ಪಷ್ಟವಾಗಿಟ್ಟುಕೊಂಡು ಉಳಿದದ್ದನ್ನೆಲ್ಲ ಮಸುಕು ಮಾಡುತ್ತದೆ. ಅಕ್ಕಿ ಅಂಗಡಿಯ ದಂಪತಿ ಏನೋ ಹೇಳಲು ಬಾಯಿ ತೆರೆದರು; ಅವರಿಗೆ ಅವಕಾಶ ಕೊಡದೆ ನಾನು ಅಲ್ಲೇ ದಂಡೆಯ ಮೇಲೆ ನಿಂತು ಭಾಷಣ ಮಾಡಿದೆ. ಒಂದು ಮಾತೂ ತಿಳಿಸದೆ ಜನರ ಕಣ್ಣೆದುರಿಗಿನ ಹಸಿರನ್ನು ಕಡಿಯುವುದು ಯಾವ ನ್ಯಾಯ? ಮೂವತ್ತೊಂದು ವರ್ಷ ನಾನು ಬರೆದದ್ದೇ ಇಂಥವರ ವಿರುದ್ಧ! ಇದು ಕೇರಿಯೋ, ಪಾಳೆಯಗಾರರ ಪಾಳ್ಯವೋ?

ಹಿರಾಮಾತ್ಸು ಅವರಿಗೂ ಸಿಟ್ಟು ಬಂತು. ಆದರೆ ಅದು ನನ್ನ ಮೇಲಿನದಲ್ಲ ಎಂದು ಆಮೇಲೆ ತಿಳಿಯಿತು.

"ನೋಡಿ ಇಲ್ಲಿ," ಎಂದು ಐಸ್ ತುಂಬಿದ ಟಬ್ಬಿನ ಕಡೆಗೆ ಕೈ ತೋರಿಸಿದರು. ಅದರಲ್ಲಿ ಮೂವತ್ತು ಬಾಟಲಿ ಬಾರ್ಲಿ ಚಹಾ ತೇಲುತ್ತಿತ್ತು. "ಹದಿನಾಲ್ಕು ಮನೆಗೆ ಅಂತ ತಂದಿದ್ದೀನಿ. ಬಂದಿರೋದು ಎರಡು ಮನೆ. ನನ್ನ ಕಾಲದಲ್ಲಿ ಒಂದು ಗಾಡಿ ಒಂದು ನಿಮಿಷ ತಡವಾಗಿಲ್ಲ. ಇವತ್ತು ಹನ್ನೆರಡು ಮನೆ ತಡ! ನಿಮಗೂ ಬಂದಿಲ್ಲ ಅಂದ್ರೆ, ಎಲ್ಲೋ ಸಿಕ್ಕಿಹಾಕ್ಕೊಂಡಿದೆ ಅದು."

"ಎಲ್ಲಿ ಅಂತ ನಾನು ಕಂಡುಹಿಡೀತೀನಿ. ವರದಿಗಾರ ನಾನು. ಅಲ್ಲೀವರೆಗೆ ಒಂದು ಹುಲ್ಲೂ ಮುಟ್ಟಬೇಡಿ."

"ಆಯ್ತು," ಎಂದರು ಅಧ್ಯಕ್ಷರು, ಯಂತ್ರ ಕೆಳಗಿಟ್ಟು.

ನನ್ನ ವೃತ್ತಿಯ ನಿಯಮ: ಸುದ್ದಿಯನ್ನು ತುದಿಯಿಂದ ಹಿಡಿದು ಮೂಲದ ಕಡೆಗೆ ನಡೆಯಬೇಕು. ಹದಿನಾಲ್ಕನೇ ಮನೆಯಿಂದ ಆರಂಭಿಸಿದೆ. ಗಂಟೆ ಒತ್ತಿ ಎಬ್ಬಿಸಿದೆ. ಸುತ್ತೋಲೆ ಬಂದಿತ್ತೇ? ಇಲ್ಲ. ಹದಿಮೂರು, ಇಲ್ಲ. ಹನ್ನೆರಡು, ಇಲ್ಲ. ಪ್ರತಿ ಮನೆಯಲ್ಲೂ ವಿಷಯ ಕೇಳಿ ಜನ ನನ್ನಷ್ಟೇ ಕೆರಳಿದರು. "ನಮಗೆ ಹೇಳೋದೇ ಬೇಡ್ವಾ? ಕೇರಿಯೋರಲ್ವಾ ನಾವು?" ಎನ್ನುತ್ತ, ಬನಿಯನ್ನು ಚಪ್ಪಲಿಯಲ್ಲೇ ನನ್ನ ಹಿಂದೆ ಹೊರಟರು. ಐದನೇ ಮನೆಗೆ ಬರುವಷ್ಟರಲ್ಲಿ ನನ್ನ ಹಿಂದೆ ಇಪ್ಪತ್ತು ಜನರ ಮೆರವಣಿಗೆಯಿತ್ತು. ಐದನೆಯವರಿಗೂ ಬಂದಿಲ್ಲ. ಹಾಗಾದರೆ ಉಳಿದದ್ದು ನಾಲ್ಕನೆಯದು. ಗಣಿತ ಸುಳ್ಳಾಡುವುದಿಲ್ಲ. ತೊಮೆ ಅಜ್ಜಿಯ ಬಾಗಿಲು ಬಡಿದೆ.

"ಅಜ್ಜಿ, ಸುತ್ತೋಲೆ ನಿಮ್ಮ ಹತ್ತಿರ ಉಳಿದುಬಿಟ್ಟಿದೆ ಅನ್ಸುತ್ತೆ."

ಅಜ್ಜಿ ನನ್ನನ್ನೂ ನನ್ನ ಹಿಂದಿದ್ದ ಜನರನ್ನೂ ನೋಡಿದರು. "ನನ್ನ ಹತ್ರಾನಾ?"

"ವಯಸ್ಸಾದ ಮೇಲೆ ಮರೆವು ಸಹಜ ಅಜ್ಜಿ. ಯಾರೂ ಏನೂ ಅಂದ್ಕೊಳ್ಳಲ್ಲ." ಈ ಔದಾರ್ಯವನ್ನು ನಾನು ಸ್ವಲ್ಪ ಗಟ್ಟಿಯಾಗಿ, ಎಲ್ಲರಿಗೂ ಕೇಳಿಸುವಂತೆ ತೋರಿಸಿದೆ.

ಅಜ್ಜಿಯ ಮುಖ ಬಿಳಿಚಿಕೊಂಡಿತು. ಒಂದು ಕೈಯಿಂದ ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಅರವತ್ತೆರಡು ವರ್ಷ ಈ ಕೇರೀಲಿದ್ದೀನಿ," ಎಂದರು ಮೆಲ್ಲಗೆ. "ಸುತ್ತೋಲೆ ನನ್ನ ಮನೇಲಿ ಒಂದು ರಾತ್ರಿ ಮಲಗಿಲ್ಲ. ನಮ್ಮೋರು ತೀರಿಕೊಂಡ ದಿನ ಬಂದಿತ್ತು. ಮುದ್ರೆ ಒತ್ತಿ, ಪಕ್ಕದ ಮನೆಗೆ ಕೊಟ್ಟು ಬಂದು, ಆಮೇಲೆ ಅತ್ತೆ."

ಐದನೇ ಮನೆಯವರು ನೆಲ ನೋಡಿದರು.

"ಮರೆವು ಅಂದ್ರಲ್ಲ," ಎಂದು ಅಜ್ಜಿ ಮುಂದುವರಿಸಿದರು. ದನಿ ಏರಿತ್ತು. "ಹೋದ ವರ್ಷ ಅಕ್ಟೋಬರಲ್ಲಿ ನನ್ನ ಏಣಿ ಒಯ್ದ್ರಲ್ಲ, ಎಲ್ಲಿ ಅದು?"

ಏಣಿ ನಮ್ಮ ಮನೆಯ ಹಿಂದೆ, ಪೊದೆಯಲ್ಲಿತ್ತು. ಅದು ಚರ್ಚೆಯ ವಿಷಯವಲ್ಲ ಎಂದು ಹೇಳಲು ಬಾಯಿ ತೆರೆದೆ. ಆಗ ದಂಡೆಯ ಕಡೆಯಿಂದ ಮೂರು ಉದ್ದನೆಯ ಸೀಟಿಗಳು ಕೇಳಿಸಿದವು.

ನಡೆದದ್ದು ಇಷ್ಟು. ಮಿತ್ಸುಯೊ ಉಪ್ಪು ಹಾಕಿದ ಪ್ಲಮ್ ಕಾಯಿಗಳ ತಟ್ಟೆಯನ್ನು ಬಿಸಿಲಿಗಿಡಲು ಹಿತ್ತಿಲಿಗೆ ಬಂದಿದ್ದಳು. ಬಳ್ಳಿಯ ಹಿಂದೆ ಬೆಳ್ಳಗೆ ಕಂಡಿತಂತೆ. ಅದರ ಮೇಲೆ ಕಪ್ಪು ಇರುವೆ ಸಾಲೂ ಕಂಡಿತಂತೆ. ಹತ್ತಿರ ಹೋದಳಂತೆ. ಹಿರಾಮಾತ್ಸು ಅವರನ್ನು ಕರೆದಳಂತೆ.

ನಾನು ಓಡುತ್ತಿರುವುದನ್ನು ಕಂಡು ಅವಳು ದೂರದಿಂದಲೇ ಕೈಯೆತ್ತಿದಳು. "ನಿಧಾನವಾಗೇ ಬನ್ನಿ," ಎಂದಳು. "ಇನ್ನು ಓಡಿ ಏನೂ ಪ್ರಯೋಜನ ಇಲ್ಲ."

ಚಿಟ್ಟೆ ಹೊರಬಂದಿತ್ತು. ನಾನು ಮನೆಮನೆ ತಿರುಗಿ ನ್ಯಾಯ ಕೇಳುತ್ತಿದ್ದ ಆ ಐವತ್ತು ನಿಮಿಷಗಳಲ್ಲಿ ಗೂಡೊಡೆದು, ರೆಕ್ಕೆ ಬಿಚ್ಚಿ, ಹಲಗೆಯ ಮೇಲೆ ಸ್ವಲ್ಪ ಮೇಲಕ್ಕೇರಿ, ಕಪ್ಪು ಮಖಮಲ್ಲಿನಂಥ ರೆಕ್ಕೆ ಹರಡಿಕೊಂಡು ಕೂತಿತ್ತು. ಅದರ ಕೆಳಗಿದ್ದದ್ದು ಸುತ್ತೋಲೆ. ಅಕ್ಷರಗಳು ಎದ್ದು ಕಾಣುತ್ತಿದ್ದವು. ನಾನು ನಾನೂರು ಬಾರಿ ಅದರ ಕಡೆಗೇ ಕ್ಯಾಮೆರಾ ತಿರುಗಿಸಿದ್ದೆ.

ಹಿರಾಮಾತ್ಸು ಕೈಗಳನ್ನು ಬೆನ್ನ ಹಿಂದೆ ಕಟ್ಟಿ ಬಗ್ಗಿದರು. ಚಿಟ್ಟೆಗೆ ಉಸಿರು ತಾಗದಂತೆ, ಪ್ಲಾಟ್‌ಫಾರಂನಲ್ಲಿ ಘೋಷಣೆ ಮಾಡುವ ದನಿಯಲ್ಲಿ ಓದಿದರು.

"ಜುಲೈ ಎರಡನೇ ಭಾನುವಾರ. ಬೆಳಿಗ್ಗೆ ಆರು ಗಂಟೆ. ಕಾಲುವೆ ದಂಡೆಯಲ್ಲಿ ಕಳೆ ಕೀಳುವುದು. ದಂಡೆಯ ಮೇಲೆ ಉಳಿಸಬೇಕಾದ ಗಿಡಬಳ್ಳಿ ಏನಾದರೂ ಇದ್ದರೆ ಮೊದಲೇ ಅಧ್ಯಕ್ಷರಿಗೆ ತಿಳಿಸಿ." ಇಲ್ಲಿ ಒಮ್ಮೆ ನನ್ನ ಕಡೆ ನೋಡಿದರು. "ಮುದ್ರೆಗಳು: ಹಿರಾಮಾತ್ಸು. ಅಕ್ಕಿ ಅಂಗಡಿ. ಕುರಾಹಾಶಿ." ಬೆನ್ನು ನೆಟ್ಟಗೆ ಮಾಡಿದರು. "ಗಾಡಿ ಹದಿನೈದು ದಿನದಿಂದ ಮೂರನೇ ಸ್ಟೇಷನ್ನಲ್ಲೇ ನಿಂತಿದೆ."

ಕಳೆ ಕೀಳುವ ದಿನ ನನ್ನ ಮುಖದ ಕಳೆಯೇ ಮೊದಲು ಕಿತ್ತುಬಂತು. ಹದಿನಾಲ್ಕೂ ಮನೆಯವರು ನನ್ನ ಸುತ್ತ ನಿಂತಿದ್ದರು. ಅವರನ್ನೆಲ್ಲ ಎಬ್ಬಿಸಿ, ಕೆರಳಿಸಿ, ಕರೆತಂದವನು ನಾನೇ. ಕೊನೆಯದಾಗಿ ತೊಮೆ ಅಜ್ಜಿ ಕೋಲೂರಿಕೊಂಡು ಬಂದರು. ಹಲಗೆ ನೋಡಿದರು. ನನ್ನ ಮುದ್ರೆ ನೋಡಿದರು. ಅದರ ಕೆಳಗಿನ ತಮ್ಮ ಖಾಲಿ ಚೌಕ ನೋಡಿದರು.

ನಾನು ಬಾಗಿದೆ. ನಮ್ಮಲ್ಲಿ ತಪ್ಪಿನ ತೂಕಕ್ಕೆ ತಕ್ಕಂತೆ ಬಾಗುವ ಅಳತೆಯಿರುತ್ತದೆ. ಈ ತಪ್ಪಿಗೆ ಹಣೆ ಮೊಣಕಾಲಿಗೆ ತಾಗಬೇಕಿತ್ತು, ತಾಗಿಸಿದೆ. ಮತ್ತು ಎದುರಿನವರು ಸಾಕು ಎನ್ನುವವರೆಗೆ ಏಳುವಂತಿಲ್ಲ.

"ತಪ್ಪಾಯ್ತು ಅಜ್ಜಿ."

ಅಜ್ಜಿ ಸಾಕು ಎನ್ನಲಿಲ್ಲ. ತಲೆಕೆಳಗಾಗಿದ್ದ ನನಗೆ ಕಂಡದ್ದು ಅವರ ರಬ್ಬರ್ ಬೂಟು ಮಾತ್ರ. ಬೂಟು ಎಡಕ್ಕೆ ಸರಿಯಿತು. ಬಲಕ್ಕೆ ಸರಿಯಿತು.

"ಬಾಗಿ, ಬೇಡ ಅನ್ನಲ್ಲ," ಎಂದರು ಅಜ್ಜಿ. "ಆದ್ರೆ ಸ್ವಲ್ಪ ಪಕ್ಕಕ್ಕೆ ಹೋಗಿ ಬಾಗಿ. ಅಡ್ಡ ಬರ್ತಿದ್ದೀರಿ."

ಬಾಗಿದಂತೆಯೇ ಪಕ್ಕಕ್ಕೆ ಸರಿದೆ. ಕ್ಲಿಕ್ ಎಂದು ಸದ್ದಾಯಿತು. ಮುದುಕರಿಗಾಗಿ ಮಾಡಿದ ದೊಡ್ಡ ಗುಂಡಿಗಳ ಮೊಬೈಲಿನ ಸದ್ದು. ಆಮೇಲೆ ಎಲ್ಲರೂ ಒಟ್ಟಿಗೆ "ಓ!" ಎಂದರು.

"ಈಗ ಸಾಕು, ಏಳಿ."

ಎದ್ದೆ. ಹಲಗೆಯ ಮೇಲೆ ಖಾಲಿ ಗೂಡಿತ್ತು. ಚಿಟ್ಟೆ ಅಜ್ಜಿಯ ಸೌತೆ ಚಪ್ಪರ ದಾಟಿ ಹೋಗುತ್ತಿತ್ತು. ಬ್ಯಾಟರಿ ನನ್ನ ಏಪ್ರನ್ನಿನ ಜೇಬಿನಲ್ಲಿ ಬೆಚ್ಚಗಿತ್ತು.

ಹತ್ತು ಗಂಟೆಯವರೆಗೆ ಎಲ್ಲರೊಡನೆ ನಾನೂ ಕಳೆ ಕಿತ್ತೆ. ಹಿರಾಮಾತ್ಸು ಕುದುರೆಗಂಟೆ ಬಳ್ಳಿಯ ಸುತ್ತ ಕೆಂಪು ಬಾವುಟ ನೆಟ್ಟು ಅದೊಂದನ್ನು ಬಿಟ್ಟರು. ನನಗಾಗಿ ಅಲ್ಲವಂತೆ, ಚಿಟ್ಟೆಗಾಗಿಯಂತೆ. ಬಾರ್ಲಿ ಚಹಾದ ಬಾಟಲಿಯನ್ನು ನನಗೆ ಎರಡೂ ಕೈಯಲ್ಲಿ, ವಿಪರೀತ ಮರ್ಯಾದೆಯಿಂದ ಕೊಟ್ಟರು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಏಣಿಯನ್ನು ಅಂದೇ ಮಧ್ಯಾಹ್ನ ಹಿಂತಿರುಗಿಸಿದೆ.

ಸೋಮವಾರ ನಾಲ್ಕು ಫೋಟೊಗಳ ಜೊತೆಗೆ ಖಾಲಿ ಗೂಡಿನದೊಂದನ್ನು ಸೇರಿಸಿ ಸಂಸ್ಕೃತಿ ಭವನಕ್ಕೆ ಕೊಟ್ಟೆ. ಆಗಸ್ಟ್ ಮೊದಲ ವಾರ ಫಲಿತಾಂಶ ಬಂತು. ನನ್ನ ಸರಣಿಯ ಬಗ್ಗೆ ತೀರ್ಪುಗಾರರು ಒಂದೇ ಸಾಲು ಬರೆದಿದ್ದರು: 'ಹಿನ್ನೆಲೆ ಅನಗತ್ಯವಾಗಿ ಮಸುಕಾಗಿದೆ.' ಅನಗತ್ಯವಾಗಿ! ಹಾಲಿನ ಕೆನೆಗೆ ಈ ಮಾತು! ಇಂಥ ತೀರ್ಪುಗಾರರನ್ನು ಎಲ್ಲಿಂದ ಹಿಡಿದು ತರುತ್ತಾರೋ ತಿಳಿಯದು.

ಮೊದಲ ಬಹುಮಾನ ತೊಮೆ ಅಜ್ಜಿಗೆ.

"ಅಜ್ಜಿ ಹೆಸರನ್ನ ಸ್ಪರ್ಧೆಗೆ ಕಳಿಸಿದ್ದು ಯಾರು?" ಎಂದು ಮಿತ್ಸುಯೊಳನ್ನು ಕೇಳಿದೆ.

"ಅಜ್ಜಿಗೆ ಅರ್ಜಿ ತುಂಬೋಕೆ ಕಣ್ಣು ಕಾಣಲ್ಲ. ನಾನೇ ತುಂಬಿಕೊಟ್ಟೆ," ಎಂದಳು ಅವಳು, ಕಸದ ಚೀಲದ ಬಾಯಿ ಕಟ್ಟುತ್ತ. ಕಟ್ಟಿ ನನ್ನ ಕೈಗಿಟ್ಟಳು. ನೂರಿಪ್ಪತ್ತು ಹೆಜ್ಜೆ. ಅವಳ ಲೆಕ್ಕ ಸರಿಯಾಗಿತ್ತು.

ಮರುವಾರದ ಶನಿವಾರ ಸುತ್ತೋಲೆ ಬಂತು. ಮೇಲಿನ ಹಾಳೆಯ ನಡುವೆ ಅಜ್ಜಿಯ ಫೋಟೊ ಅಚ್ಚಾಗಿತ್ತು. ಅಂಥ ಮೊಬೈಲುಗಳಿಗೆ ಮಸುಕು ಮಾಡುವ ಕಲೆ ಗೊತ್ತಿಲ್ಲ. ಎದುರಿಗಿದ್ದದ್ದೆಲ್ಲ ಸ್ಪಷ್ಟವಾಗಿ ಬೀಳುತ್ತದೆ. ಚಿಟ್ಟೆಯ ಮೀಸೆ ಸ್ಪಷ್ಟವಾಗಿತ್ತು. ದಿನಾಂಕ ಸ್ಪಷ್ಟವಾಗಿತ್ತು. ರೆಕ್ಕೆಯ ಪಕ್ಕದಲ್ಲೇ 'ಕುರಾಹಾಶಿ' ಎಂಬ ನನ್ನ ಕೆಂಪು ಮುದ್ರೆ, ಅದರ ಕೆಳಗೆ ಹನ್ನೊಂದು ಖಾಲಿ ಚೌಕಗಳು, ಎಲ್ಲವೂ ಸ್ಪಷ್ಟವಾಗಿದ್ದವು. ಚಿತ್ರಕ್ಕೆ ಅಜ್ಜಿ ಕೊಟ್ಟ ಹೆಸರು ಹಲಗೆಯ ನೆತ್ತಿಯಲ್ಲಿದ್ದದ್ದೇ: 'ಕೂಡಲೇ ಮುಂದಿನ ಮನೆಗೆ'. ನಾನು ಮೂವತ್ತೊಂದು ವರ್ಷದಲ್ಲಿ ಇಷ್ಟು ಒಳ್ಳೆಯ ಶೀರ್ಷಿಕೆ ಬರೆದಿಲ್ಲ.

"ಈ ಸಲ ಓದಿ ಒತ್ತಿ," ಎಂದಳು ಮಿತ್ಸುಯೊ.

ಓದಿದೆ. ತೀರ್ಪುಗಾರರು ಅಜ್ಜಿಯನ್ನು ಹೊಗಳಿದ ಪ್ಯಾರಾವನ್ನು ಎರಡು ಸಲ ಓದಿದೆ. ಕುದಿಯುತ್ತಲೇ ಮುದ್ರೆ ಒತ್ತಿದೆ, ಚಪ್ಪಲಿ ಮೆಟ್ಟಿ ಪಕ್ಕದ ಮನೆಗೆ ಓಡಿದೆ. ಬಂದ ಮೂರನೇ ನಿಮಿಷಕ್ಕೆ ಸುತ್ತೋಲೆ ಅಜ್ಜಿಯ ಕೈಯಲ್ಲಿತ್ತು. ಕೇರಿಯ ಇತಿಹಾಸದಲ್ಲೇ ಅದು ದಾಖಲೆಯಿರಬೇಕು.

ಅಜ್ಜಿ ಹಲಗೆಯನ್ನು ಹಿಂದೆ ಮುಂದೆ ತಿರುಗಿಸಿದರು. ಒಮ್ಮೆ ಕೊಡವಿದರು. ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಫೋಟೊದ ಕೆಳಗಿನ ದಪ್ಪಕ್ಷರದ ಸಾಲನ್ನು ನೋಡಿದರು.

"ಹುಳ ಏನೂ ಇಲ್ಲ ತಾನೇ?"

"ಇಲ್ಲ ಅಜ್ಜಿ."

"ಓದಿದ್ರಾ?"

"ಎರಡು ಸಲ!"

"ಹಾಗಾದ್ರೆ ಹೇಳಿ. ಮುಂದಿನ ಸಲ ಕಳೆ ಕೀಳೋದು ಯಾವತ್ತು?"

ನಾನು ಹಲಗೆಗೆ ಕೈ ಚಾಚಿದೆ. ಅಜ್ಜಿ ಅದನ್ನು ಬೆನ್ನ ಹಿಂದೆ ಹಿಡಿದುಕೊಂಡರು.

"ನಾಳೆ ಬೆಳಿಗ್ಗೆ ಆರಕ್ಕೆ," ಎಂದರು. "ಬದುಕಿದ್ರೆ ಬನ್ನಿ."